ಸ್ಪಿನ್ ಪಾಠ ಪುಸ್ತಕದಲ್ಲೇ ಮುಗಿಯಬಾರದು

ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿ ಮೀರಿದಾಗ ಮೇಲ್ಮೈಯ ಹರಿವು ಕದಡಿ, ವಿಮಾನವನ್ನು ಎತ್ತಿ ಹಿಡಿದಿದ್ದ ಬಲ ಕುಸಿಯುವುದಕ್ಕೆ ಸ್ಟಾಲ್ ಎಂದು ಹೆಸರು. ಆ ಹೊತ್ತಿನಲ್ಲಿ ವಿಮಾನದ ಮೂಗು ಪಕ್ಕಕ್ಕೂ ಹೊರಳುತ್ತಿದ್ದರೆ, ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಬಲ ಕಳೆದುಕೊಂಡು, ಇಡೀ ವಿಮಾನ ಬುಗುರಿಯಂತೆ ಸುತ್ತುತ್ತ ಇಳಿಯತೊಡಗುತ್ತದೆ. ಇದೇ ಸ್ಪಿನ್.

ಇದರಿಂದ ಹೊರಬರುವ ಕ್ರಮ ಗುಟ್ಟೇನಲ್ಲ: ಎಂಜಿನ್ನಿನ ಶಕ್ತಿ ತಗ್ಗಿಸಿ, ರೆಕ್ಕೆಯಂಚಿನ ಐಲೆರಾನ್‌ಗಳನ್ನು ನಡುಸ್ಥಿತಿಯಲ್ಲಿಟ್ಟು, ಬಾಲದ ರಡ್ಡರನ್ನು ಸುತ್ತಿನ ವಿರುದ್ಧ ದಿಕ್ಕಿಗೆ ಪೂರ್ತಿ ಒತ್ತಿ, ಕಂಟ್ರೋಲನ್ನು ಮುಂದಕ್ಕೆ ತಳ್ಳಬೇಕು. ಆದರೆ ಗಾಜಿನ ತುಂಬ ಹೊಲಗಳು ಗಿರಗಿರನೆ ತಿರುಗುತ್ತಿರುವಾಗ, ವೇಗಸೂಚಿಯ ಮುಳ್ಳು ಕೆಳಗೇ ಕಚ್ಚಿಕೊಂಡಿರುವಾಗ, ನೆಲದತ್ತ ಮುಖ ಮಾಡಿದ ವಿಮಾನವನ್ನು ಇನ್ನೂ ಮುಂದಕ್ಕೆ ತಳ್ಳಲು ಯಾವ ಕೈಯೂ ತಾನಾಗಿ ಒಪ್ಪದು. ಅದು ಹಿಂದಕ್ಕೇ ಎಳೆಯುತ್ತದೆ, ಎಳೆದಷ್ಟು ಹೊತ್ತು ಸ್ಪಿನ್ ಬಿಡುವುದಿಲ್ಲ. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನ ಮೇಲೆ ವಿಲ್ಫ್ರೆಡ್ ಪಾರ್ಕ್ ಎಂಬ ನುರಿತ ಪೈಲಟ್ ಕೂಡ ಮೊದಲು ಸುತ್ತಿನ ದಿಕ್ಕಿಗೇ ರಡ್ಡರ್ ಒತ್ತಿ, ನೆಲ ತೀರ ಹತ್ತಿರವಾದ ಮೇಲೆ ವಿರುದ್ಧ ದಿಕ್ಕಿಗೆ ಒತ್ತಿ ಪಾರಾದರು.

ಅಮೆರಿಕ 1949ರಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಸ್ಪಿನ್ ಅಭ್ಯಾಸ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟು, ಬೋಧಕರಾಗುವವರಿಗೆ ಮಾತ್ರ ಅದನ್ನು ಉಳಿಸಿತು. ಅಭ್ಯಾಸದಲ್ಲೇ ಜೀವಗಳು ಹೋಗುತ್ತಿದ್ದವೆಂಬ ಕಾರಣ ಸುಳ್ಳಲ್ಲ. ಸಣ್ಣ ವಿಮಾನ ಒಂದೊಂದು ಸುತ್ತಿಗೆ ಸುಮಾರು 500 ಅಡಿ ಕಳೆದುಕೊಳ್ಳುವುದರಿಂದ, ರನ್‌ವೇಗೆ ಹೊರಳುವ ಕೊನೆಯ ತಿರುವಿನಲ್ಲಿ ಸ್ಪಿನ್ ಆದರೆ ಯಾವ ವಿದ್ಯೆಯೂ ಉಳಿಸದೆಂಬ ಆಕ್ಷೇಪವೂ ಸರಿಯೇ. ಆದರೆ ಆ ಆಕ್ಷೇಪವೇ ತರಬೇತಿಯ ಪರವಾಗಿ ನಿಲ್ಲುತ್ತದೆ: ತಿರುವು ತಡವಾಯಿತೆಂದು ಒಳಬದಿಯ ರಡ್ಡರನ್ನು ಅತಿಯಾಗಿ ಒತ್ತಿ ಮೂಗೆತ್ತುವ ವಿದ್ಯಾರ್ಥಿಗೆ, ಆ ಒತ್ತುವಿಕೆ ಎಲ್ಲಿಗೆ ಒಯ್ಯುತ್ತದೆಂಬುದು ಎತ್ತರದಲ್ಲಿ ಒಮ್ಮೆ ಮೈಗೆ ತಿಳಿದಿದ್ದರೆ, ಕಾಲು ಅಲ್ಲಿಯೇ ತಡೆಯುತ್ತದೆ.

ಬೆಂಗಳೂರಿನ ಎಚ್‌ಎಎಲ್ ತನ್ನ ಎಚ್‌ಜೆಟಿ-36 ತರಬೇತಿ ವಿಮಾನವು ಸ್ಪಿನ್‌ನಿಂದ ಸರಿಯಾಗಿ ಹೊರಬರಲೆಂದು ಅದರ ಲಂಬ ಬಾಲವನ್ನೇ ಹಿಂದಕ್ಕೆ ಸರಿಸಿ, ರಡ್ಡರನ್ನು ಹಿಗ್ಗಿಸಿ, 2022ರಲ್ಲಿ ಎಡಕ್ಕೂ ಬಲಕ್ಕೂ ಆರಾರು ಸುತ್ತು ಸುತ್ತಿಸಿ ತೋರಿಸಿತು. ವಿಮಾನಕ್ಕೆ ಇಷ್ಟು ಕಠಿಣ ಪರೀಕ್ಷೆಯಿಟ್ಟು, ಅದನ್ನು ಹಾರಿಸುವವನಿಗೆ ಪುಟ ಓದಿಸಿ ಬಿಡುವುದು ವಿಚಿತ್ರ.

ಆದುದರಿಂದ ಪರವಾನಗಿಗೆ ಮುನ್ನ ಪ್ರತಿ ವಿದ್ಯಾರ್ಥಿಗೂ, ಸ್ಪಿನ್‌ಗೆ ಅನುಮತಿಯಿರುವ ವಿಮಾನದಲ್ಲಿ, ಅದರಲ್ಲಿ ಪಳಗಿದ ಬೋಧಕರೊಡನೆ, ನೆಲದಿಂದ 1,500 ಅಡಿಗಿಂತ ಮೇಲೆಯೇ ಸ್ಪಿನ್ ಬಿಡಿಸಿ ಮುಗಿಯುವಷ್ಟು ಎತ್ತರದಲ್ಲಿ ಈ ಪಾಠವಾಗಬೇಕು. ಸೆಸ್ನಾ 172 ಆದರೆ ಹಿಂದಿನ ಸೀಟು ಖಾಲಿಯಿರಬೇಕು, ಏಕೆಂದರೆ ಹಿಂಭಾರವಾದ ವಿಮಾನ ಸುತ್ತು ಬಿಡಲು ಒಪ್ಪುವುದಿಲ್ಲ.