ಟೆಂಪ್ಲೇಟ್‌ನೊಳಗೆ ಊರು ಬರೀಬೇಡ್ರಿ

ನಮ್ಮೂರು ಯಳವತ್ತಿ. ಅಜ್ಜನ ಹಳೇ ಕಾಗದಗಳಲ್ಲಿ ತಾಲ್ಲೂಕು ಶಿರಹಟ್ಟಿ, ಜಿಲ್ಲೆ ಧಾರವಾಡ ಅಂತಿದೆ. 1997ರಲ್ಲಿ ಗದಗ ಜಿಲ್ಲೆ ಆದಮೇಲೆ ಅಪ್ಪನ ಕಾಗದಗಳಲ್ಲಿ ಜಿಲ್ಲೆ ಬದಲಾಯ್ತು. ಆಮೇಲೆ ಲಕ್ಷ್ಮೇಶ್ವರ ತಾಲ್ಲೂಕಾಯ್ತು, ನನ್ನ ವಿಳಾಸದಲ್ಲಿ ತಾಲ್ಲೂಕೂ ಬದಲಾಯ್ತು. ಊರು ಮಾತ್ರ ಇದ್ದಲ್ಲೇ ಇದೆ.

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಸುತ್ತಲಿನ ಹನ್ನೆರಡು ಹಳ್ಳಿಗಳ ಸೈಟ್ ಮಾಡಿದೆ. ಒಂದು ಪುಟ ಬರೆದು, ಉಳಿದದ್ದೆಲ್ಲಾ ಕಾಪಿ-ಪೇಸ್ಟ್. ಮಾಹಿತಿ 2011ರ ಜನಗಣತಿ ಪಟ್ಟಿಯದು, ಹಾಗಾಗಿ ಎಲ್ಲಾ ಕಡೆ ಶಿರಹಟ್ಟಿ ಅಂತಲೇ ಬಂತು. ಅಪ್ಪ ನೋಡಿ, "ನಮ್ ತಾಲ್ಲೂಕು ಯಾವ್ದಂತ ನಿನಗ ಗೊತ್ತಿಲ್ಲೇನಪಾ?" ಅಂದ್ರು. ರಾತ್ರಿ ಕೂತು ಒಂದೊಂದೇ ಫೈಲ್ ತಿದ್ದಿದೆ. ಹನ್ನೊಂದು ತಿದ್ದಿದ್ದೆ, ಹನ್ನೆರಡನೇದು ವೈವಾದಲ್ಲಿ ತೆರೆದುಕೊಳ್ತು.

ಆಮೇಲೆ ಜಾಂಗೋದಲ್ಲಿ ಒಂದೇ ಟೆಂಪ್ಲೇಟ್ ಮಾಡಿ, ಊರು, ತಾಲ್ಲೂಕು, ಜಿಲ್ಲೆ ಎಲ್ಲಾ ಡೇಟಾಬೇಸ್‌ನಿಂದ ತಂದೆ. ಗೆದ್ದೆ ಅನ್ಕೊಂಡೆ. ಆದರೆ ಟೆಂಪ್ಲೇಟ್‌ನಲ್ಲಿ ಊರಿನ ಹೆಸರು ಬರೋ ಜಾಗದ ಮುಂದೆ "ನಲ್ಲಿ" ಅಂತ ಟೈಪ್ ಮಾಡಿಟ್ಟಿದ್ದೆ. ಇಂಗ್ಲಿಷ್‌ನಲ್ಲಿ "ಇನ್" ಹಾಕಿದ್ರೆ ಯಾವ ಊರಿಗೂ ನಡೆಯುತ್ತೆ. ನನಗೆ ಸಿಕ್ಕಿದ್ದು "ಯಳವತ್ತಿನಲ್ಲಿ", "ಲಕ್ಷ್ಮೇಶ್ವರನಲ್ಲಿ". ಎರಡನೇದಂತೂ ಊರಲ್ಲ, ದೇವರ ವಿಷಯ ಹೇಳಿದ ಹಾಗಿತ್ತು! ಯಳವತ್ತಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಬೆಂಗಳೂರಿನಲ್ಲಿ: ಕನ್ನಡದಲ್ಲಿ ಪ್ರತ್ಯಯ ಹೆಸರಿನ ಕೊನೆ ನೋಡಿ ಬದಲಾಗುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ವಿಭಕ್ತಿ ಪಾಠ ಕಲಿಸಿದ್ದು ಟೆಂಪ್ಲೇಟ್.

ಬಳಸೋ ಆ್ಯಪ್‌ಗಳಲ್ಲಿ ಕನ್ನಡ ವಿಚಿತ್ರವಾಗಿ ಕಂಡರೆ ಅನುವಾದಕರನ್ನ ಬೈತೀವಿ. ಎಷ್ಟೋ ಸಲ ತಪ್ಪು ನಮ್ಮಂಥ ಕೋಡ್ ಬರೆಯೋರದು. ಇಂಗ್ಲಿಷ್ ವಾಕ್ಯ ಒಡೆದು ತುಂಡು ಮಾಡಿ, ನಡುವೆ ಕನ್ನಡ ತುಂಬಿ ಅಂತ ಕೊಟ್ಟರೆ ಅವರಾದರೂ ಏನು ಮಾಡ್ತಾರೆ?

ಮರುಬಳಕೆ ಅಂದ್ರೆ ಕೋಡ್ ಕಡಿಮೆ ಮಾಡೋದಷ್ಟೇ ಅಲ್ಲ. ತನಗೆ ಗೊತ್ತಿಲ್ಲದ್ದನ್ನ ಟೆಂಪ್ಲೇಟ್ ತಾನೇ ತೀರ್ಮಾನ ಮಾಡಬಾರದು. ಬದಲಾಗೋ ಮಾಹಿತಿ ಹೊರಗಿಂದ ಬರಲಿ. ಪ್ರತ್ಯಯ ಬೇಕಾದ ಕಡೆ ಪೂರ್ತಿ ರೂಪವನ್ನೇ ಕಳಿಸಿ, ಇಲ್ಲವೇ "ಊರು: ಯಳವತ್ತಿ" ಅಂತ ಸರಳವಾಗಿ ಬರೀರಿ. ಜಾಂಗೋದ ಇನ್‌ಕ್ಲೂಡ್‌ಗೆ "ಓನ್ಲಿ" ಸೇರಿಸಿದ್ರೆ ನೀವು ಕೊಟ್ಟ ಮಾಹಿತಿ ಬಿಟ್ಟು ಪುಟದ ಬೇರೆ ವೇರಿಯಬಲ್‌ಗಳು ಒಳಗೆ ನುಸುಳೋದಿಲ್ಲ.

ಹಾಗಂತ ಎರಡು ಪುಟ ಒಂದೇ ಥರ ಕಂಡ ತಕ್ಷಣ ಒಂದು ಮಾಡಬೇಡಿ. ಹತ್ತು ಇಫ್ ತುಂಬಿದ ಟೆಂಪ್ಲೇಟ್‌ಗಿಂತ ಎರಡು ಸರಳ ಕಾಪಿಗಳೇ ವಾಸಿ. ಮೂರನೇ ಸಲ ಬೇಕಾದಾಗ ಯೋಚನೆ ಮಾಡಿದ್ರೆ ಸಾಕು.

ಮುಂದಿನ ಪ್ರಾಜೆಕ್ಟ್ ಡೆಮೋಗೆ ಮೊದಲು ಒಂದು ಕೆಲಸ ಮಾಡಿ. "ಟೆಸ್ಟ್ 123" ಬದಲು "ಲಕ್ಷ್ಮೇಶ್ವರ" ಅಂತ ತುಂಬಿಸಿ ನೋಡಿ. ಕಾರ್ಡ್‌ನ ಎತ್ತರ ಫಿಕ್ಸ್ ಮಾಡಿದ್ದರಿಂದ ನನ್ನ ಸೈಟ್‌ನಲ್ಲಿ ಅದರ ಒತ್ತಕ್ಷರಗಳೇ ಅರ್ಧ ಕತ್ತರಿಸಿ ಹೋಗಿದ್ವು.