ಅಮ್ಮನ ಜೊತೆ ಹಡಗಿನಲ್ಲಿ ಮೊದಲ ಮೂರು ದಿನ



ಹುಣಸೆಹಣ್ಣು ಕೂಡಿಡುವ ವಿಷಯ ಬರೆದ ಮೇಲೆ ಬಂದ ಕಾಗದಗಳಲ್ಲಿ ಗೌರಿಬಿದನೂರಿನ ಸೋದರಿಯೊಬ್ಬರು ಬೇರೆಯೇ ಒಂದು ಪ್ರಶ್ನೆ ಕೇಳಿದ್ದಾರೆ. "ವಯಸ್ಸಾದ ತಾಯಿಯನ್ನು ಹಡಗಿನಲ್ಲಿ ಸುತ್ತಾಡಿಸಬೇಕೆಂದು ನನ್ನ ತಮ್ಮನಿಗೆ ಆಸೆ. ಕರೆದುಕೊಂಡು ಹೋಗಬಹುದೇ? ಏನೇನು ಜೋಪಾನ ಮಾಡಬೇಕು?" ಎಂದು. ಹೋಗಬಹುದು. ಕಾಲಲ್ಲಿ ಶಕ್ತಿ ಇರುವಾಗಲೇ ಹೋಗಿ. 2023ರ ಜೂನ್ ತಿಂಗಳಲ್ಲಿ ನಾನೂ ನನ್ನ ತಾಯಿಯೂ ಮದ್ರಾಸಿನಿಂದ ಶ್ರೀಲಂಕೆಗೆ ಹಡಗಿನಲ್ಲಿ ಹೋಗಿ ಬಂದೆವು. ಆ ಅನುಭವದಿಂದಲೇ ಹೇಳುತ್ತೇನೆ.

ನನ್ನ ತಾಯಿಯ ತವರು ಗೌರಿಬಿದನೂರಿನ ಹತ್ತಿರ, ಕೊಟ್ಟಿದ್ದು ಶಿಡ್ಲಘಟ್ಟದ ಕಡೆಗೆ. ನಲವತ್ತೈದು ವರ್ಷ ರೇಷ್ಮೆಹುಳು ಮೇಯಿಸಿದವಳು. ಹುಳು ಸಾಕಿದ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಳುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಂತೂ ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಿದಷ್ಟೂ ಸಾಲದು. ತಮ್ಮ ಟಿಕೆಟ್ಟಿನ ಮಾತೆತ್ತಿದಾಗ ಅಮ್ಮ, "ಆ ದುಡ್ಡಲ್ಲಿ ಕಾಶಿಗೇ ಹೋಗಿ ಬರಬಹುದಲ್ಲೋ" ಅಂದಳು. ಅಕ್ಕಪಕ್ಕದವರು, ಗಂಡ ಹೋದ ಮೇಲೆ ಇವಳಿಗೇನು ಹಡಗಿನ ಷೋಕಿ ಅಂತ ಆಡಿಕೊಂಡರು. ಅದು ಕಿವಿಗೆ ಬಿದ್ದ ಮೇಲೆಯೇ ಅಮ್ಮ, "ಸರಿ, ಬತ್ತೀನಿ ನಡೀರಿ" ಅಂದದ್ದು! ಗೂಡು ಮಾರುಕಟ್ಟೆಗೆ ಕಳಿಸಿ, ಹುಳುಮನೆ ತೊಳೆದು, ಸುಣ್ಣ ಹಾಕಿ, ಮುಂದಿನ ಬೆಳೆ ಎತ್ತುವ ಮುಂಚಿನ ಬಿಡುವಿನಲ್ಲಿ ಹೊರಟೆವು.

ಶ್ರೀಲಂಕೆಗೆ ಪಾಸ್‌ಪೋರ್ಟ್ ಬೇಕು. ಆಗ ಆ ದೇಶದ ಮುಂಗಡ ಅನುಮತಿಯನ್ನೂ ಮಾಡಿಸಬೇಕಾಗಿತ್ತು. ಅಮ್ಮನಿಗೆ ಜನ್ಮಪತ್ರವಿಲ್ಲ. ಆಧಾರ್ ಕಾರ್ಡಿನಲ್ಲಿದ್ದ ತಾರೀಖೇ ನಡೆಯಿತು. ಇಂಥ ನಿಯಮಗಳೂ ಹಡಗಿನ ದಾರಿಗಳೂ ಋತುವಿನಿಂದ ಋತುವಿಗೆ ಬದಲಾಗುತ್ತಿರುತ್ತವೆ. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ವಿಚಾರಿಸಿಕೊಳ್ಳಿ.

ಬಂಗಾರಪೇಟೆಯಲ್ಲಿ ರೈಲು ಹತ್ತಿ, ಹಿಂದಿನ ದಿನವೇ ಮದ್ರಾಸು ಸೇರಿಕೊಂಡೆವು. ವಯಸ್ಸಾದವರನ್ನು ರೈಲಿನಿಂದಿಳಿಸಿ ನೇರವಾಗಿ ಹಡಗಿಗೆ ಹತ್ತಿಸಬೇಡಿ. ಒಂದು ರಾತ್ರಿ ಮಲಗಿ ಎದ್ದರೆ ಅರ್ಧ ಆಯಾಸ ಕಳೆಯುತ್ತದೆ.

ಮೊದಲ ದಿನ

ನಾವು ಹತ್ತಿದ್ದು ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಹಡಗು. ಹನ್ನೊಂದು ಅಂತಸ್ತು, ಉದ್ದ ಇನ್ನೂರು ಮೀಟರಿಗೂ ಹೆಚ್ಚು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಆಗ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ಅಮೆರಿಕದ ಮಿಯಾಮಿಯಿಂದ ಬಹಾಮಾ ದ್ವೀಪಗಳಿಗೆ ವಿಹಾರಕ್ಕೆ ಹೋಗುವವರನ್ನು ಕರೆದೊಯ್ಯುತ್ತಿತ್ತು. 2021ರಿಂದ ನಮ್ಮ ದೇಶದ ಕಡಲಿಗೆ ಬಂತು. ಇದನ್ನು ಹೇಳಿದರೆ ಅಮ್ಮ, "ಹಂಗಾದ್ರೆ ಇದೂ ನನ್ನ ಹಂಗೆ ದೂರದಿಂದ ಕೊಟ್ಟ ಹೆಣ್ಣು" ಅಂದಳು.

ಹತ್ತಿದ ಮೇಲೆ ಮೊದಲ ಕೆಲಸ ಅಪಾಯದ ಕಾಲದ ತಾಲೀಮು. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿ ಸೇರಬೇಕು, ತೇಲುವ ಅಂಗಿ ಹೇಗೆ ತೊಡಬೇಕು ಎಂದು ತೋರಿಸುತ್ತಾರೆ. ಬೇಸರಪಡದೆ ತಾಯಿಯ ಕೈ ಹಿಡಿದು ಆ ಜಾಗಕ್ಕೆ ಒಂದು ಸಲ ನಡೆಸಿ ತೋರಿಸಿ.

ಕೋಣೆ ಚಿಕ್ಕದು, ಚೊಕ್ಕಟ. ಬಚ್ಚಲಿನ ಹೊಸ್ತಿಲು ಎತ್ತರ, ಮುದುಕರು ಎಡವುತ್ತಾರೆ. ಪಾಯಖಾನೆಯ ಗುಂಡಿ ಒತ್ತಿದರೆ ನೀರನ್ನೆಲ್ಲ ಭರ್ರೆಂದು ಎಳೆದುಕೊಳ್ಳುತ್ತದೆ. ಆ ಸದ್ದಿಗೆ ಅಮ್ಮ ಈಚೆಗೇ ಓಡಿಬಂದಳು. ಬಕೆಟ್ಟಿಲ್ಲ, ಚೊಂಬಿಲ್ಲ. ಒಂದು ಪ್ಲಾಸ್ಟಿಕ್ ಮಗ್ಗು ಪೆಟ್ಟಿಗೆಯಲ್ಲಿರಲಿ. ಹಡಗುಗಳಲ್ಲಿ ಕಡಲ ನೀರಿನ ಉಪ್ಪು ತೆಗೆದು ಸಿಹಿನೀರು ಮಾಡಿಕೊಳ್ಳುವ ಯಂತ್ರವಿರುತ್ತದೆ ಅಂತ ತಿಳಿಸಿದೆ. ಸಾವಿರ ಅಡಿ ಕೊಳವೆಬಾವಿ ಕೊರೆಸಿಯೂ ನೀರು ಕಾಣದ ನಮ್ಮ ಸೀಮೆಯವಳು, ನಲ್ಲಿಯನ್ನು ತಿರುಗಿಸಿ ನೋಡಿ ತಟ್ಟನೆ ನಿಲ್ಲಿಸಿದಳು.

ಸಂಜೆ ದಡ ದೂರವಾಯಿತು. ಫೋನಿನ ಸಿಗ್ನಲ್ಲೂ ಹೋಯಿತು. ನಂದಿಯ ಚೆನ್ನಕೇಶವ ಬೆಟ್ಟದ ಕಡೆ ಹುಟ್ಟುವ ಎರಡು ಪಿನಾಕಿನಿಗಳೂ ಇದೇ ಕಡಲಿಗೆ ಬರುತ್ತವೆ, ಉತ್ತರದ್ದು ಗೌರಿಬಿದನೂರು ಹಾದು ನೆಲ್ಲೂರಿನ ಕಡೆ, ದಕ್ಷಿಣದ್ದು ಕಡಲೂರಿನ ಹತ್ತಿರ ಎಂದೆ. ಅಮ್ಮನಿಗೆ ತವರಿನ ಹೊಳೆ ಎಂದರೆ ಮರಳಿನಲ್ಲಿ ಚಿಲುಮೆ ತೋಡಿ ಚಿಪ್ಪಿನಲ್ಲಿ ಮೊಗೆದ ನೀರು. "ಅದು ಇಲ್ಲೀಗಂಟ ಬತ್ತದಾ?" ಅಂತ ಎರಡು ಸಲ ಕೇಳಿದಳು.

ಎರಡನೇ ದಿನ

ಈ ದಿನ ಸುತ್ತಲೂ ಬರೀ ನೀರು. ಸೋದರಿಯರೇ, ಕಷ್ಟವಾಗುವುದೂ ಇದೇ ದಿನ. ಹೊಟ್ಟೆ ತೊಳಸುವುದೊಂದು ಕಷ್ಟ. ಇನ್ನೊಂದು, ಕೆಲಸವಿಲ್ಲದೆ ಕೂರುವ ಕಷ್ಟ.

ಹೊಟ್ಟೆ ತೊಳಸಿದರೆ ಮಂಚದಲ್ಲಿ ಮುದುರಿ ಮಲಗುವುದಕ್ಕಿಂತ ಮೇಲಿನ ಗಾಳಿಗೆ ಬಂದು ಕಡಲೂ ಆಕಾಶವೂ ಕೂಡುವ ಗೆರೆಯನ್ನು ನೋಡುತ್ತ ಕೂತರೆ ವಾಸಿ. ಹೊಟ್ಟೆ ಖಾಲಿ ಬಿಡಬಾರದು, ತುಂಬಿಸಲೂಬಾರದು. ಕೋಣೆ ಹಿಡಿಯುವಾಗಲೇ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ಅಲ್ಲಿ ಓಲಾಟ ಕಡಿಮೆ. ಮಾತ್ರೆ ಬೇಕಾದರೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅದನ್ನು ತೊಳಸು ಬರುವ ಮುಂಚೆ ನುಂಗಬೇಕು, ನುಂಗಿದರೆ ಮಂಪರು ಬರುತ್ತದೆ. ಬಿ.ಪಿ., ಕಣ್ಣಿನ ಒತ್ತಡ ಇರುವವರು ಕೇಳದೆ ನುಂಗಬಾರದು. ದಿನದ ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಇನ್ನು ಎರಡನೇ ಕಷ್ಟ. ಕೋಣೆ ಗುಡಿಸುವ ಹುಡುಗ ಬರುವಷ್ಟರಲ್ಲಿ ಅಮ್ಮ ಹಾಸಿಗೆ ಮಡಿಸಿ, ಟವೆಲು ಹಿಂಡಿ ಹರವಿ ಆಗಿತ್ತು. ಊಟದ ಮನೆಯಲ್ಲಿ ಪಕ್ಕದ ಮೇಜಿನ ತಟ್ಟೆಗಳನ್ನೂ ಒಟ್ಟು ಮಾಡಿಟ್ಟಳು. ಬಡಿಸುವವನು ಕೈಮುಗಿದು, "ಅಮ್ಮಾ, ಕೂತ್ಕೊಳ್ಳಿ" ಎಂದು ಸನ್ನೆ ಮಾಡಿದ. ಸಸ್ಯಾಹಾರಕ್ಕೇನೂ ಕೊರತೆಯಿಲ್ಲ. ನಮ್ಮ ಮುದ್ದೆ, ಸೊಪ್ಪಿನ ಸಾರು ಒಂದು ಸಿಗದು, ಅಷ್ಟೇ. ಆಟ, ಪಾಟ, ಈಜುಕೊಳ ಎಲ್ಲವನ್ನೂ ನೋಡು ಬಾ ಎಂದು ಎಳೆದಾಡುವ ಬದಲು ನೆರಳಿನಲ್ಲಿ ಎರಡು ಕುರ್ಚಿ ಹಾಕಿಸಿ ಸುಮ್ಮನೆ ಪಕ್ಕದಲ್ಲಿ ಕೂತೆ.

ಬಹಳ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ ನೀರನ್ನೇ ನೋಡುತ್ತ, "ನಮ್ಮವ್ವ ತೀರಿಕೊಂಡಾಗ ಹುಳ ನಾಲ್ಕನೇ ಜ್ವರ ಎದ್ದಿತ್ತು ಕಣೇ. ಸೀರಿಯಸ್ಸು ಅಂತ ಸುದ್ದಿ ಬಂದಿತ್ತು. ಇವತ್ತೊಂದು ಸೊಪ್ಪು ಹಾಕಿ ನಾಳೆ ಹೋಗಾನ ಅಂದ್ಕೊಂಡೆ. ನಾನು ಹೋಗೋ ಹೊತ್ಗೆ ಮಣ್ಣು ಮಾಡಿ ಆಗಿತ್ತು" ಅಂದಳು. ಅಜ್ಜಿ ತೀರಿಹೋದದ್ದು ನನಗೆ ಗೊತ್ತು, ಆಗ ನನಗೆ ಹತ್ತು ವರ್ಷ. ಈ ಸಂಗತಿ ಮಾತ್ರ ಗೊತ್ತಿರಲಿಲ್ಲ. ಮೂವತ್ತೇಳು ವರ್ಷ ಇದನ್ನು ಹೇಳಲು ಅವಳಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಕೈ ಹಿಡಿದುಕೊಂಡೆ. ಅಂದು ರಾತ್ರಿ ಅಮ್ಮ ಬೆಳಗಿನ ಏಳರ ತನಕ ನಿದ್ದೆ ಮಾಡಿದಳು. ನಾನು ಕಂಡಂತೆ ಅದೇ ಮೊದಲು.

ಮೂರನೇ ದಿನ

ಶ್ರೀಲಂಕೆಯ ದಕ್ಷಿಣ ತುದಿಯ ಹಂಬನ್‌ತೋಟಕ್ಕೆ ಬಂದೆವು. ಮುಂಗಾರಿನಲ್ಲಿ ಈ ಭಾಗದ ಕಡಲು ಏರಿಳಿತ ಜಾಸ್ತಿ, ಇಳಿಯುವಾಗ ಕಂಬಿ ಬಿಡಬೇಡಿ. ಅಲ್ಲಿಂದ ಕತರಗಾಮದ ಸುಬ್ರಹ್ಮಣ್ಯನ ಕ್ಷೇತ್ರಕ್ಕೆ ಹೋದೆವು. ಹಿಂದೂಗಳು, ಬೌದ್ಧರು, ಮುಸಲ್ಮಾನರು ಎಲ್ಲರೂ ಬರುವ ಜಾಗ. ಗರ್ಭಗುಡಿಯ ಮುಂದೆ ಸದಾ ಪರದೆ, ಪರದೆಗೇ ಪೂಜೆ. ನಮ್ಮ ಘಾಟಿ ಸುಬ್ರಹ್ಮಣ್ಯನ ಒಕ್ಕಲಾದ ಅಮ್ಮನಿಗೆ ಇದು ಹೊಸದು. "ಕಾಣದಿದ್ರೂ ಇದಾನಲ್ಲ, ಸಾಕು" ಎಂದು ಕೈಮುಗಿದಳು. ಕಾಶಿಯ ಮಾತು ಆಮೇಲೆ ಎತ್ತಲಿಲ್ಲ!

ಊರಿಗೆ ಬಂದ ಮೇಲೆ ಅಮ್ಮ ಹುಳು ಬಿಡಲಿಲ್ಲ, ಬಿಡುವವಳೂ ಅಲ್ಲ. ನೂರು ಮೊಟ್ಟೆ ಮೇಯಿಸುತ್ತಿದ್ದವಳು ಐವತ್ತಕ್ಕೆ ಇಳಿಸಿದ್ದಾಳೆ. ಒಂದೊಂದು ಬೆಳೆ ಬಿಟ್ಟು ಚಿಂತಾಮಣಿಗೆ ಬಂದು ನನ್ನ ಮನೆಯಲ್ಲಿ ನಾಲ್ಕು ದಿನ ಇರುತ್ತಾಳೆ.

ಹಡಗೇ ಆಗಬೇಕೆಂದಿಲ್ಲ, ಸೋದರಿಯರೇ. ನಂದಿಬೆಟ್ಟವಾದರೂ ಸರಿ, ಕೈವಾರವಾದರೂ ಸರಿ. ತಾಯಿಯ ಕೈಗೆ ಕೆಲಸ ಸಿಗದ ಜಾಗಕ್ಕೆ ಕರೆದೊಯ್ದು ಎರಡು ದಿನ ಪಕ್ಕದಲ್ಲಿ ಕೂತುಕೊಳ್ಳಿ.

ಪ್ರಯಾಣಕ್ಕೆ ಶುಂಠಿ ಬೆಲ್ಲ: ಅರ್ಧ ಬಟ್ಟಲು ಬೆಲ್ಲದ ಪುಡಿಗೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಸಣ್ಣ ಉರಿಯಲ್ಲಿ ಉಂಡೆ ಪಾಕಕ್ಕೆ ತನ್ನಿ. ಎರಡು ಚಮಚ ಒಣಶುಂಠಿ ಪುಡಿ, ಎರಡು ಏಲಕ್ಕಿ, ಅರ್ಧ ಚಮಚ ತುಪ್ಪ ಹಾಕಿ ಕಲಸಿ, ಬಿಸಿಯಿರುವಾಗಲೇ ಗೋಲಿ ಗಾತ್ರದ ಉಂಡೆ ಕಟ್ಟಿ. ಬಸ್ಸು, ರೈಲಿನಲ್ಲಿ ಹೊಟ್ಟೆ ತೊಳಸಿದರೆ ಒಂದು ಬಾಯಿಗೆ ಹಾಕಿಕೊಳ್ಳಿ. ಹಡಗಿನೊಳಗೆ ಮನೆಯ ತಿಂಡಿ ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ, ಶುಂಠಿ ಕಷಾಯ ಸಾಕು.

ಮುಂದಿನ ಸಂಚಿಕೆಯಲ್ಲಿ ಹಪ್ಪಳ, ಸಂಡಿಗೆಯ ಮಾತು.