ವೈರಾಣು ಪರೀಕ್ಷೆ ಯಾರ ಹೊಣೆ?

2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 80 ಸಾವಿರ ಹೆಂಗಸರು ಗರ್ಭಕಂಠದ ಕ್ಯಾನ್ಸರಿಗೆ ಬಲಿಯಾದರೆಂದು ಅಂದಾಜು. ಇದನ್ನು ಹಣೆಬರಹವೆಂದು ನಾವು ಒಪ್ಪಲಾರೆವು. ಈ ರೋಗದ ಮೂಲ ಎಚ್.ಪಿ.ವಿ. ಎಂಬ ವೈರಾಣು. ಅದರ 16 ಮತ್ತು 18ನೆಯ ಬಗೆಗಳೇ ನೂರಕ್ಕೆ ಸುಮಾರು 70 ರೋಗಿಗಳ ಸಂಕಟಕ್ಕೆ ಕಾರಣ. ಸೋಂಕು ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಬಾಗಿಲಲ್ಲೇ ನಿಂತ ಕಳ್ಳನನ್ನು ಹಿಡಿಯದಿದ್ದರೆ ತಪ್ಪು ಯಾರದು?

ಹಿಡಿಯಬಹುದೆಂಬುದಕ್ಕೆ ಪುರಾವೆ ದೂರದ್ದೇನಲ್ಲ. ನಮ್ಮ ಆಳಂದದ ಗಡಿಗೆ ತಗುಲಿದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 1,31,746 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ವೈರಾಣು ಪರೀಕ್ಷೆ ನಡೆಸಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆಯಿಲ್ಲದೆ ಬಿಟ್ಟ ಗುಂಪಿನಲ್ಲಿ 64. ಹಾಗೆ ಬಿಟ್ಟವರು 31 ಸಾವಿರಕ್ಕೂ ಹೆಚ್ಚು ಬಡ ಹೆಂಗಸರೆಂಬುದನ್ನು ನಾವು ಮರೆಯಕೂಡದು. ಆ ಪುರಾವೆಯ ಬೆಲೆಯನ್ನು ತೆತ್ತವರು ಅವರು.

2016ರ ಕೇಂದ್ರದ ಮಾರ್ಗಸೂಚಿ ವಿಧಿಸಿದ್ದು ಮಾತ್ರ ಅಸಿಟಿಕ್ ಆಮ್ಲ ಸವರಿ ಕಣ್ಣಿಂದ ನೋಡುವ ಪರೀಕ್ಷೆಯನ್ನು. ಅದೂ ನಿಷ್ಪ್ರಯೋಜಕವಲ್ಲ, ಮುಂಬಯಿಯ ಕೊಳೆಗೇರಿಗಳಲ್ಲಿ ಅದರಿಂದಲೂ ಸಾವು ಇಳಿದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವೈರಾಣು ಪರೀಕ್ಷೆಗೇ ಮೊದಲ ಮಣೆ ಹಾಕಿತು. ಮಾದರಿಯನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಕೊರೋನಾ ಕಾಲದಲ್ಲಿ ಗಂಟಲ ದ್ರವ ನೋಡಿದ ಪಿ.ಸಿ.ಆರ್. ವಿಧಾನವೇ ಇಲ್ಲಿಯೂ ನಡೆಯುತ್ತದೆ. ಅಂದು ಆತುರದಲ್ಲಿ ಪ್ರಯೋಗಾಲಯ ಕಟ್ಟಿದ ಸರಕಾರಕ್ಕೆ ಇಂದು ಅಡ್ಡಿ ಏನು?

ಮನೆಯ ಗಂಡಸರಿಗೂ ಒಂದು ಮಾತು. ವೈರಾಣು ಇದೆಯೆಂದರೆ ಕ್ಯಾನ್ಸರ್ ಇದೆಯೆಂದಲ್ಲ; ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ದಾಂಪತ್ಯದ ಬಾಳು ನಡೆಸುವ ಹೆಚ್ಚಿನವರಿಗೆ, ಗಂಡಸರಿಗೂ, ಎಂದಾದರೊಮ್ಮೆ ತಗಲುವಂಥದು ಇದು. ಹೆಂಡತಿಯ ನಡತೆಯನ್ನು ಅಳೆಯುವ ಕೋಲಲ್ಲ.

ಇ.ಎಸ್.ಐ.ಗೆಂದು ನಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿದುಕೊಳ್ಳುತ್ತಾರೆ; ಮಾಲೀಕರು ಮೂರೂಕಾಲು ಕೊಡಬೇಕು. ಆ ಹಣದಲ್ಲಿ 30 ದಾಟಿದ ಪ್ರತಿ ಕಾರ್ಮಿಕಳಿಗೂ, ಕಾರ್ಮಿಕನ ಹೆಂಡತಿಗೂ ಈ ಪರೀಕ್ಷೆ ನಡೆಯಬೇಕು. ಸಣ್ಣ ಅಂಗಡಿಯವರಿಗೆ ಇ.ಎಸ್.ಐ.ಯ ಆಸರೆಯೂ ಇಲ್ಲ. ಅವರ ಮನೆಯವರಿಗೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಆಗಬೇಕು. ಸೋಂಕು ಕಂಡವರಿಗೆ ಅಲ್ಲಿಯೇ ಚಿಕಿತ್ಸೆ ದೊರೆಯಬೇಕು. ಬೆಂಗಳೂರಿಗೆ ಚೀಟಿ ಬರೆದು ಕೈತೊಳೆದುಕೊಂಡರೆ ಸಾಲದು. ಗಿರಣಿಯ ಸಂಘಗಳು ಬೋನಸ್ಸಿನ ಬೇಡಿಕೆಯ ಪಕ್ಕದಲ್ಲೇ ಇದನ್ನೂ ಬರೆಯಲಿ. ಪರೀಕ್ಷೆಗೆ ಹೋದ ದಿನದ ಸಂಬಳ ಮುರಿಯಕೂಡದೆಂದೂ ಸೇರಿಸಲಿ.